ರಾಜಿಗೆ ಹೆದರುವ ಅಧಿಕಾರಿ, ಬಡ್ಡಿ ತೆರುವ ಬೊಕ್ಕಸ

ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಖಾಸಗಿ ವ್ಯಾಜ್ಯಗಳ ಮಟ್ಟಿಗೆ ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೆ ವ್ಯಾಜ್ಯದ ಒಂದು ಕಡೆ ಸರ್ಕಾರವೋ ಅದರ ನಿಗಮವೋ ನಿಂತಿದ್ದಾಗ ಈ ಮಾತು ಹೆಚ್ಚು ಕಡಿಮೆ ನಿಜವೇ ಆಗಿಬಿಡುತ್ತದೆ. ಭೂಸ್ವಾಧೀನದ ಪರಿಹಾರ ಪಾವತಿಸಲಿಲ್ಲವೆಂದು ನ್ಯಾಯಾಲಯದ ಸಿಬ್ಬಂದಿ ಉಪವಿಭಾಗಾಧಿಕಾರಿ ಕಚೇರಿಗೆ ಬಂದು ಕುರ್ಚಿ, ಮೇಜು, ಕಂಪ್ಯೂಟರುಗಳನ್ನು ಜಪ್ತಿ ಮಾಡಿದ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಅಪಘಾತದ ಪರಿಹಾರ ಬಾಕಿ ಉಳಿಸಿಕೊಂಡ ಸಾರಿಗೆ ಸಂಸ್ಥೆಯ ಬಸ್ಸನ್ನು ನಿಲ್ದಾಣದಲ್ಲೇ ತಡೆದು ಜಪ್ತಿ ಮಾಡಿದ ಪ್ರಸಂಗಗಳೂ ಹೊಸತಲ್ಲ. ಓದುಗರಿಗೆ ಇವು ಒಂದು ಬಗೆಯ ಮೋಜಿನ ಸುದ್ದಿಗಳು. ಆಡಳಿತದ ಒಳಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದು ಬಂದ ನನಗೆ ಅವು ಕಾಣುವ ಬಗೆಯೇ ಬೇರೆ.

ಜಪ್ತಿ ಎಂಬುದು ಕಥೆಯ ಕೊನೆಯ ಪುಟ. ಅದರ ಹಿಂದಿನ ಹತ್ತು ಹದಿನೈದು ವರ್ಷಗಳ ಪುಟಗಳು ಸುದ್ದಿಯಾಗುವುದಿಲ್ಲ. ಭೂಸ್ವಾಧೀನಾಧಿಕಾರಿ ನಿಗದಿಪಡಿಸಿದ ದರವನ್ನು ರೈತ ಪ್ರತಿಭಟನೆಯೊಂದಿಗೆ ಸ್ವೀಕರಿಸುತ್ತಾನೆ. ಪ್ರಕರಣ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ, ಪರಿಹಾರದ ಮೊತ್ತ ಹೆಚ್ಚಾಗುತ್ತದೆ. ಇಲಾಖೆ ಮೇಲ್ಮನವಿ ಸಲ್ಲಿಸುತ್ತದೆ, ಅದೂ ಕಾಲಮಿತಿ ಮೀರಿದ ಮೇಲೆ, ವಿಳಂಬ ಮನ್ನಾ ಮಾಡಬೇಕೆಂಬ ಅರ್ಜಿಯೊಂದಿಗೆ. ಅಲ್ಲಿಯೂ ಸೋತರೆ ಹಣ ಬಿಡುಗಡೆಗೆ ಆರ್ಥಿಕ ಇಲಾಖೆಗೆ ಕಡತ ಹೋಗುತ್ತದೆ. ಅದು ಹಿಂದಿರುಗುವುದರೊಳಗೆ ರೈತನ ವಕೀಲರು ಅಮಲ್ಜಾರಿ ಅರ್ಜಿ ಹಾಕಿರುತ್ತಾರೆ. ಇಷ್ಟೂ ಹಂತಗಳಲ್ಲಿ ಒಮ್ಮೆಯಾದರೂ ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕುಳಿತು, ತರಬೇತಿ ಪಡೆದ ತಟಸ್ಥ ವ್ಯಕ್ತಿಯೊಬ್ಬರ ಎದುರು ಮಾತನಾಡಿರುವುದಿಲ್ಲ. ಆ ಒಂದು ಹಂತವನ್ನು ನಮ್ಮ ಸಾರ್ವಜನಿಕ ಸಂಸ್ಥೆಗಳ ವ್ಯವಹಾರದಲ್ಲಿ ಕಡ್ಡಾಯವಾಗಿ ಸೇರಿಸಬೇಕು ಮತ್ತು ಅಲ್ಲಿ ಸಹಿ ಹಾಕುವ ಅಧಿಕಾರಿಗೆ ಧೈರ್ಯ ಬರುವಂತೆ ಮಾಡಬೇಕು ಎಂಬುದು ಈ ಲೇಖನದ ವಾದ.

ಸರ್ಕಾರವೇ ದೇಶದ ಅತಿ ದೊಡ್ಡ ಕಕ್ಷಿದಾರ ಎಂಬ ಮಾತು ಈಗ ಸವಕಲಾಗಿದೆ. ಸರ್ಕಾರ ಹಾಗೂ ಸಾರ್ವಜನಿಕ ಉದ್ದಿಮೆಗಳ ವ್ಯಾಜ್ಯ ನೀತಿ ಕುರಿತಂತೆ ಕಾನೂನು ಆಯೋಗ ತನ್ನ 126ನೇ ವರದಿಯನ್ನು ನೀಡಿದ್ದು 1988ರಲ್ಲಿ. 2010ರಲ್ಲಿ, ನಮ್ಮವರೇ ಆದ ವೀರಪ್ಪ ಮೊಯಿಲಿ ಅವರು ಕೇಂದ್ರ ಕಾನೂನು ಸಚಿವರಾಗಿದ್ದಾಗ, ರಾಷ್ಟ್ರೀಯ ವ್ಯಾಜ್ಯ ನೀತಿಯೊಂದು ಪ್ರಕಟವಾಯಿತು. ಎಲ್ಲದಕ್ಕೂ ಕೋರ್ಟಿಗೆ ಹೋಗುವ ಚಟವನ್ನು ಸರ್ಕಾರ ಬಿಡಬೇಕು ಎಂಬುದೇ ಅದರ ಆಶಯವಾಗಿತ್ತು. ಆಶಯ ಕಾಗದದಲ್ಲಿ ಉಳಿಯಿತು. 2017–18ರ ಆರ್ಥಿಕ ಸಮೀಕ್ಷೆಯು ತೆರಿಗೆ ಇಲಾಖೆಯ ಮೇಲ್ಮನವಿಗಳನ್ನು ಪರಿಶೀಲಿಸಿ, ಇಲಾಖೆಯ ಗೆಲುವಿನ ಪ್ರಮಾಣ ಶೇ 30ಕ್ಕಿಂತ ಕಡಿಮೆ ಎಂದು ಹೇಳಿತು. ಹತ್ತರಲ್ಲಿ ಏಳು ಬಾರಿ ಸೋಲುವ ಆಟವನ್ನು ಯಾವ ವ್ಯಾಪಾರಿಯೂ ಮುಂದುವರಿಸಲಾರ. ಇಲಾಖೆಗಳು ಮುಂದುವರಿಸುತ್ತವೆ. ಏಕೆಂದರೆ ಸೋಲಿನ ಹಣ ಯಾವ ಅಧಿಕಾರಿಯ ಕಿಸೆಯಿಂದಲೂ ಹೋಗುವುದಿಲ್ಲ.

ಮಧ್ಯಸ್ಥಿಕೆ ಎಂಬ ಪದ ನಮ್ಮಲ್ಲಿ ಸಡಿಲವಾಗಿ ಬಳಕೆಯಾಗುತ್ತಿರುವುದರಿಂದ ಅದರ ಅರ್ಥವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಆರ್ಬಿಟ್ರೇಷನ್‌ನಲ್ಲಿ ಮೂರನೆಯ ವ್ಯಕ್ತಿ ಎರಡೂ ಕಡೆಯ ವಾದ ಕೇಳಿ ಐತೀರ್ಪು ಕೊಡುತ್ತಾನೆ, ಅದಕ್ಕೆ ಇಬ್ಬರೂ ಬದ್ಧರು. ಲೋಕ ಅದಾಲತ್‌ನಲ್ಲಿ ಒಂದೇ ದಿನದಲ್ಲಿ ಹಲವು ಪ್ರಕರಣಗಳು ಪೀಠದ ಮುಂದೆ ಬರುತ್ತವೆ, ಒಂದೊಂದಕ್ಕೂ ಸಿಗುವ ವೇಳೆ ಕಡಿಮೆ. ನಾನು ಹೇಳುತ್ತಿರುವ ಮಧ್ಯಸ್ಥಿಕೆ ಇವೆರಡಕ್ಕಿಂತಲೂ ಭಿನ್ನ. ಇಲ್ಲಿ ಮಧ್ಯಸ್ಥಗಾರ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಜೊತೆಯಾಗಿ ಮತ್ತು ಪ್ರತ್ಯೇಕವಾಗಿ ಕೂರಿಸಿಕೊಂಡು, ಹೊರಗೆ ಹೇಳುವ ಬೇಡಿಕೆಯ ಹಿಂದೆ ನಿಜವಾಗಿ ಬೇಕಾಗಿರುವುದೇನು ಎಂಬುದನ್ನು ಹೊರತೆಗೆಯುತ್ತಾನೆ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಒಪ್ಪಂದವಾದರೆ ಅದನ್ನು ಬರಹಕ್ಕಿಳಿಸುತ್ತಾನೆ, ಆಗದಿದ್ದರೆ ಇಬ್ಬರೂ ತಮ್ಮ ಹಕ್ಕಿಗೆ ಚ್ಯುತಿಯಿಲ್ಲದೆ ನ್ಯಾಯಾಲಯಕ್ಕೆ ಮರಳುತ್ತಾರೆ. ಅರಳಿಕಟ್ಟೆಯ ಹಿರಿಯರು ಮಾಡುತ್ತಿದ್ದುದಕ್ಕೂ ಇದಕ್ಕೂ ಹೋಲಿಕೆಯಿದೆ. ಆದರೆ ಅರಳಿಕಟ್ಟೆಯಲ್ಲಿ ಊರಿನ ಬಲಾಢ್ಯರ ಮಾತೇ ನಡೆಯುತ್ತಿತ್ತು. ಅದನ್ನು ತಡೆಯಲೆಂದೇ ಈಗ ತರಬೇತಿ, ನೀತಿಸಂಹಿತೆ, ಗೋಪ್ಯತೆಯ ನಿಯಮಗಳಿವೆ.

ಇದಕ್ಕೆ ಬೇಕಾದ ಕಾನೂನಿನ ಕೊರತೆ ನಮಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈನಲ್ಲಿ ಜಾರಿಗೆ ಬಂದು, ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳುಹಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ನೀಡಿತು. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಆರಂಭವಾಯಿತು. 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರ ಬೇಕಿಲ್ಲದಿದ್ದರೆ, ದಾವೆಗೆ ಮುನ್ನ ಮಧ್ಯಸ್ಥಿಕೆಯ ಪ್ರಯತ್ನ ಆಗಲೇಬೇಕು. ಇದು ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆ ಕಾಯ್ದೆಯನ್ನೇ ಅಂಗೀಕರಿಸಿತು. ಕೋರ್ಟುಗಳಿಗೆ ಮಧ್ಯಸ್ಥಗಾರರಾಗುವವರು ಪಡೆಯಬೇಕಾದ 40 ಗಂಟೆಗಳ ತರಬೇತಿಯನ್ನು ಮುಗಿಸಿದ ವಕೀಲರು ರಾಜ್ಯದಲ್ಲಿ ಸಾಕಷ್ಟಿದ್ದಾರೆ. ಗಂಡ ಹೆಂಡಿರ ಜಗಳ, ಅಣ್ಣ ತಮ್ಮಂದಿರ ಪಾಲು, ಚೆಕ್ ಬೌನ್ಸ್ ಪ್ರಕರಣಗಳಿಗೆ ಈ ವ್ಯವಸ್ಥೆ ಒಗ್ಗಿಹೋಗಿದೆ. ಸರ್ಕಾರದ ಕಡತಗಳು ಮಾತ್ರ ಆ ಮೇಜಿನವರೆಗೆ ಬರುವುದು ಅಪರೂಪ. ಬಂದರೂ ಕಳುಹಿಸಲ್ಪಟ್ಟ ಅಧಿಕಾರಿ, 'ನನಗೆ ಅಧಿಕಾರವಿಲ್ಲ, ಮೇಲಿನವರನ್ನು ಕೇಳಿ ಹೇಳುತ್ತೇನೆ' ಎಂದು ಎದ್ದುಹೋಗುತ್ತಾನೆ. ದಾವೆಪೂರ್ವ ಮಧ್ಯಸ್ಥಿಕೆಗೆ ಎದುರು ಪಕ್ಷ ಹಾಜರಾಗದಿದ್ದರೆ ಪ್ರಕ್ರಿಯೆ ಆರಂಭವಾಗಲೇ ಇಲ್ಲವೆಂಬ ವರದಿ ಬರೆದು ಕಡತ ಮುಚ್ಚುತ್ತಾರೆ. ಗೈರುಹಾಜರಿಗೆ ಇಲಾಖೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲ.

ಸರ್ಕಾರದ ವಿರುದ್ಧ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕೆಂಬ ಹಳೆಯ ನಿಯಮವೊಂದಿದೆ. ಸಿವಿಲ್ ಸಂಹಿತೆಯ 80ನೇ ಕಲಮಿನ ಉದ್ದೇಶವೇ ಸರ್ಕಾರ ಒಮ್ಮೆ ಯೋಚಿಸಿ, ನ್ಯಾಯವಾದುದನ್ನು ಕೋರ್ಟಿನ ಹೊರಗೇ ಕೊಟ್ಟುಬಿಡಲಿ ಎಂಬುದು. ಆದರೆ ಇಂಥ ನೋಟಿಸುಗಳಿಗೆ ಉತ್ತರವೇ ಹೋಗುವುದಿಲ್ಲ, ಹೋದರೂ ಅದು ಹಾರಿಕೆಯ ಉತ್ತರ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಅಸಮಾಧಾನ ವ್ಯಕ್ತಪಡಿಸಿತು. ಉತ್ತರ ಕೊಡುವ ಹೊಣೆಯನ್ನು ನಿರ್ದಿಷ್ಟ ಅಧಿಕಾರಿಗೆ ವಹಿಸಬೇಕೆಂದು ಎಲ್ಲ ಸರ್ಕಾರಗಳಿಗೂ ನಿರ್ದೇಶಿಸಿತು. ಅಷ್ಟಾಗಿಯೂ ಆ ಎರಡು ತಿಂಗಳು ಇಂದಿಗೂ ಬಹುತೇಕ ವ್ಯರ್ಥವಾಗಿಯೇ ಕಳೆಯುತ್ತವೆ. ಮಾತುಕತೆಗೆ ಕಾನೂನೇ ತೆರೆದಿಟ್ಟ ಬಾಗಿಲಿನಲ್ಲಿ ನಾವು ಗುಮಾಸ್ತರ ಆವಕ ವಹಿಯನ್ನು ಇಟ್ಟುಕೊಂಡು ಕುಳಿತಿದ್ದೇವೆ.

ಈಗ ಲೆಕ್ಕಕ್ಕೆ ಬರೋಣ. 1894ರ ಭೂಸ್ವಾಧೀನ ಕಾಯ್ದೆಯಲ್ಲೂ, 2014ರ ಜನವರಿಯಿಂದ ಅದರ ಸ್ಥಾನಕ್ಕೆ ಬಂದ 2013ರ ಕಾಯ್ದೆಯಲ್ಲೂ, ನ್ಯಾಯಾಲಯ ಅಥವಾ ಪ್ರಾಧಿಕಾರ ಹೆಚ್ಚಿಸಿದ ಪರಿಹಾರದ ಮೇಲೆ ಮೊದಲ ವರ್ಷ ಶೇ 9, ಆನಂತರ ಶೇ 15ರ ಬಡ್ಡಿ ಸೇರುತ್ತದೆ. ಜಮೀನು ಸ್ವಾಧೀನಕ್ಕೆ ತೆಗೆದುಕೊಂಡ ದಿನದಿಂದಲೇ ಇದರ ಎಣಿಕೆ ಆರಂಭ. ಹೆಚ್ಚುವರಿ ಪರಿಹಾರ 1 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ವರ್ಷ ಎಳೆದರೆ ಮೊದಲ ವರ್ಷದ ಬಡ್ಡಿ 9 ಲಕ್ಷ, ಉಳಿದ ಒಂಬತ್ತು ವರ್ಷಗಳದ್ದು 135 ಲಕ್ಷ. ಅಸಲೂ ಸೇರಿದರೆ 2 ಕೋಟಿ 44 ಲಕ್ಷ ರೂಪಾಯಿ. ಸರ್ಕಾರ ಸಾಲಪತ್ರ ಹೊರಡಿಸಿ ಮಾರುಕಟ್ಟೆಯಿಂದ ಹಣ ಎತ್ತುವಾಗ ಇದರ ಅರ್ಧದಷ್ಟು ದರದಲ್ಲಿ ಸಾಲ ಸಿಗುತ್ತದೆ. ಅಂದರೆ ವ್ಯಾಜ್ಯವನ್ನು ಎಳೆಯುವುದೆಂದರೆ ರೈತನಿಂದ ದುಬಾರಿ ಬಡ್ಡಿಗೆ ಕೈಗಡ ಪಡೆದಂತೆ, ಅದೂ ಸಾಲ ಕೊಟ್ಟವನ ಒಪ್ಪಿಗೆಯಿಲ್ಲದೆ.

ಈ ಬಡ್ಡಿಯಿಂದ ರೈತನಿಗೆ ಲಾಭವಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಕಾಗದದ ಮೇಲೆ ಹಾಗೆ ಕಾಣುತ್ತದೆ. ಆದರೆ ಜಮೀನು ಕಳೆದುಕೊಂಡವನಿಗೆ ಮೊದಲ ಎರಡು ವರ್ಷಗಳಲ್ಲಿ ಹಣ ಸಿಕ್ಕಿದ್ದರೆ ಪಕ್ಕದ ಹೋಬಳಿಯಲ್ಲಿ ಬೇರೆ ಜಮೀನು ಕೊಳ್ಳಬಹುದಿತ್ತು. ಯೋಜನೆ ಬಂದ ಮೇಲೆ ಸುತ್ತಲಿನ ದರ ಯಾವ ಬಡ್ಡಿಯೂ ಮುಟ್ಟಲಾರದಷ್ಟು ಏರಿರುತ್ತದೆ. ನಡುವೆ ಮಗಳ ಮದುವೆಗೆ, ತಂದೆಯ ಆಸ್ಪತ್ರೆಗೆ ಮಾಡಿದ ಕೈಸಾಲದ ಬಡ್ಡಿಯೂ ಶೇ 15ಕ್ಕೆ ನಿಲ್ಲುವುದಿಲ್ಲ. ಕಡೆಗೆ ಬರುವ ಹಣದಲ್ಲಿ ವ್ಯಾಜ್ಯದ ಖರ್ಚು ಕಳೆಯಬೇಕು, ಹಲವು ಪ್ರಕರಣಗಳಲ್ಲಿ ಅದನ್ನು ಪಡೆಯುವುದು ವಾರಸುದಾರರು. ಬೊಕ್ಕಸವೂ ಸೋತು ರೈತನೂ ಸೋಲುವ ಈ ವ್ಯವಹಾರಕ್ಕೆ ಅರ್ಥಶಾಸ್ತ್ರದಲ್ಲಿ ಒಂದೇ ಹೆಸರು: ಶುದ್ಧ ನಷ್ಟ.

ಹಾಗಿದ್ದರೆ ಅಧಿಕಾರಿಗಳು ರಾಜಿಗೆ ಏಕೆ ಮುಂದಾಗುವುದಿಲ್ಲ? ಅವರು ಮೂರ್ಖರೂ ಅಲ್ಲ, ಕಲ್ಲುಮನಸ್ಸಿನವರೂ ಅಲ್ಲ. ಕಡತದ ಮೇಲೆ 'ಮೇಲ್ಮನವಿ ಸಲ್ಲಿಸಬಹುದು' ಎಂದು ಬರೆಯುವವನಿಗೆ ಯಾವ ಅಪಾಯವೂ ಇಲ್ಲ. ಪ್ರಕರಣ ಸೋತಾಗ ಆತ ಬೇರೆ ಜಿಲ್ಲೆಯಲ್ಲಿರುತ್ತಾನೆ, ಇಲ್ಲವೇ ನನ್ನಂತೆ ನಿವೃತ್ತನಾಗಿರುತ್ತಾನೆ. 'ಇಷ್ಟು ಮೊತ್ತಕ್ಕೆ ಒಪ್ಪಬಹುದು' ಎಂದು ಬರೆಯುವವನ ಸ್ಥಿತಿ ಬೇರೆ. ನಾಳೆ ಲೆಕ್ಕಪರಿಶೋಧಕರು ಆಕ್ಷೇಪ ಎತ್ತುತ್ತಾರೆ, ಮೂಗರ್ಜಿಯೊಂದು ಲೋಕಾಯುಕ್ತಕ್ಕೆ ಹೋಗುತ್ತದೆ, ಸದನದಲ್ಲಿ ಪ್ರಶ್ನೆ ಬರುತ್ತದೆ, ನಿವೃತ್ತಿಯ ಹೊಸ್ತಿಲಲ್ಲಿ ಇಲಾಖಾ ವಿಚಾರಣೆ ಆರಂಭವಾಗಬಹುದು. ಒಪ್ಪಂದದಲ್ಲಿ ಹೆಚ್ಚು ಕೊಟ್ಟಿರೇಕೆ ಎಂದು ಕೇಳುವ ಆಡಿಟ್ ಆಕ್ಷೇಪಣೆಗಳನ್ನು ನನ್ನ ಸೇವಾವಧಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಗೆಲ್ಲಲಾಗದ ಮೇಲ್ಮನವಿ ಹಾಕಿ ಇಷ್ಟು ಬಡ್ಡಿ ತೆತ್ತಿರೇಕೆ ಎಂದು ಅಧಿಕಾರಿಯ ಹೆಸರಿಡಿದು ಕೇಳಿದ್ದನ್ನು ಕಂಡದ್ದು ತೀರಾ ಕಡಿಮೆ. ವಿಳಂಬದ ವೆಚ್ಚ ಬೊಕ್ಕಸದ್ದು, ಸಹಿಯ ವೆಚ್ಚ ಸಹಿ ಹಾಕಿದವನದು. ಈ ಎರಡು ವೆಚ್ಚಗಳು ಬೇರೆ ಬೇರೆ ಹೆಗಲ ಮೇಲೆ ಇರುವವರೆಗೆ ಎಂಥ ಕಾಯ್ದೆ ಬಂದರೂ ಕಡತ ಕೋರ್ಟಿನ ದಾರಿಯನ್ನೇ ಹಿಡಿಯುತ್ತದೆ.

ಕಾನೂನು ಈ ಭಯವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸಿದೆ. ಸಾರ್ವಜನಿಕ ಹಿತವಿಲ್ಲದೆ ಯಾರಿಗಾದರೂ ಆರ್ಥಿಕ ಲಾಭ ದೊರಕಿಸಿಕೊಟ್ಟರೆ ಸಾಕು, ದುರುದ್ದೇಶವಿಲ್ಲದಿದ್ದರೂ ಅಪರಾಧವಾಗಬಹುದಾಗಿದ್ದ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯ ಅಂಶವನ್ನು 2018ರ ತಿದ್ದುಪಡಿ ತೆಗೆದುಹಾಕಿತು. ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್ 3ರಂದು ಸರ್ಕಾರಿ ಖರೀದಿ ಗುತ್ತಿಗೆಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿ ಇನ್ನೊಂದು ಮುಖ್ಯ ಹೆಜ್ಜೆ. ಆರ್ಬಿಟ್ರೇಷನ್ ಅನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೌಲ್ಯದ ವ್ಯಾಜ್ಯಗಳಿಗೆ ಸೀಮಿತಗೊಳಿಸಿ, ದೊಡ್ಡ ಗುತ್ತಿಗೆಗಳಲ್ಲಿ ಮಧ್ಯಸ್ಥಿಕೆಗೆ ಅದು ಪ್ರೋತ್ಸಾಹ ಕೊಟ್ಟಿತು. ಒಪ್ಪಂದವನ್ನು ಪರಿಶೀಲಿಸಲು ನಿವೃತ್ತ ನ್ಯಾಯಾಧೀಶರು, ನಿವೃತ್ತ ಹಿರಿಯ ಅಧಿಕಾರಿಗಳು, ತಾಂತ್ರಿಕ ಪರಿಣತರು ಇರುವ ಉನ್ನತ ಮಟ್ಟದ ಸಮಿತಿಯನ್ನು ರಚಿಸಿಕೊಳ್ಳಬಹುದೆಂದಿತು. ಒಬ್ಬನೇ ಅಧಿಕಾರಿಯ ಹೆಗಲಿನ ಭಾರ ಇದರಿಂದ ಹಂಚಿಹೋಗುತ್ತದೆ. ಆದರೆ ಈ ಅನುಕೂಲ ದೊರೆತದ್ದು ಗುತ್ತಿಗೆದಾರರಿಗೆ. ಜಮೀನು ಕಳೆದುಕೊಂಡ ರೈತನಿಗಲ್ಲ.

ಕಾನೂನಿನಲ್ಲೂ ಇದೇ ತಾರತಮ್ಯವಿದೆ. ಸರ್ಕಾರ ಕಕ್ಷಿದಾರನಾಗಿರುವ ವಾಣಿಜ್ಯ ವ್ಯಾಜ್ಯಗಳಿಗೆ 2023ರ ಮಧ್ಯಸ್ಥಿಕೆ ಕಾಯ್ದೆಯು ಅನ್ವಯಿಸುತ್ತದೆ. ಇತರ ಬಗೆಯ ವ್ಯಾಜ್ಯಗಳಿಗೆ ಅನ್ವಯಿಸಬೇಕಾದರೆ ಆಯಾ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಇನ್ನು ಭೂಸ್ವಾಧೀನ ಮತ್ತು ಅದರ ಪರಿಹಾರ ನಿಗದಿಯನ್ನು ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಮಧ್ಯಸ್ಥಿಕೆಗೆ ಯೋಗ್ಯವಲ್ಲದ ವಿಷಯಗಳ ಪಟ್ಟಿಗೇ ಸೇರಿಸಲಾಗಿದೆ. ವಿಚಿತ್ರವೆಂದರೆ, 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ದೇಶದಾದ್ಯಂತ ನ್ಯಾಯಾಂಗವೇ ನಡೆಸಿದ 90 ದಿನಗಳ ಮಧ್ಯಸ್ಥಿಕೆ ಅಭಿಯಾನದಲ್ಲಿ ಭೂಸ್ವಾಧೀನದ ಪ್ರಕರಣಗಳೂ ಇದ್ದವು. ಶಾಸನ ಹೊರಗಿಟ್ಟದ್ದನ್ನು ನ್ಯಾಯಾಲಯಗಳು ಒಳಗೆ ಕರೆದಿವೆ ಎಂದರೆ, ಅಗತ್ಯ ಎಲ್ಲಿದೆ ಎಂಬುದು ಸ್ಪಷ್ಟ.

ಭೂಸ್ವಾಧೀನದಲ್ಲಿ ಮಾತುಕತೆ ಇಲ್ಲವೇ ಇಲ್ಲ ಎಂದೇನೂ ಅಲ್ಲ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯಲ್ಲಿ ಪರಿಹಾರವನ್ನು ಒಪ್ಪಂದದ ಮೂಲಕ ನಿಗದಿಪಡಿಸಲು ಅವಕಾಶವಿದೆ. ಒಪ್ಪಿತ ಐತೀರ್ಪು ಎಂಬ ಕ್ರಮ ನೀರಾವರಿ ಯೋಜನೆಗಳಲ್ಲೂ ಬಳಕೆಯಲ್ಲಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕೆ, ಅಂದರೆ ಆಲಮಟ್ಟಿಯಲ್ಲಿ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಮುಳುಗಡೆಯಾಗುವ ಜಮೀನಿಗೆ, ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತ ದರ ಪ್ರಕಟಿಸಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ. ದಶಕಗಳ ಅನಿಶ್ಚಿತತೆಯ ನಂತರ ಒಂದು ಅಂಕಿ ಹೊರಬಿದ್ದದ್ದು ಸ್ವಾಗತಾರ್ಹವೇ. ಆದರೆ ಒಪ್ಪಿತ ಐತೀರ್ಪಿಗೆ ಸಹಿ ಹಾಕಿದ ರೈತ ಸಾಮಾನ್ಯವಾಗಿ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗುವ ಹಕ್ಕನ್ನು ಬಿಟ್ಟುಕೊಡುತ್ತಾನೆ. ಅಂಥ ಸಹಿ ಅರಿವಿನಿಂದ ಬಂದದ್ದೇ, ಅನಿವಾರ್ಯದಿಂದ ಬಂದದ್ದೇ ಎಂಬ ಪ್ರಶ್ನೆ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಾವಿರಾರು ಕುಟುಂಬಗಳ ಬದುಕಿನ ಪ್ರಶ್ನೆ.

ಇಂಥ ಸಭೆಗಳಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಯಾರಿರುತ್ತಾರೆ? ಜಿಲ್ಲಾಡಳಿತದ ಇಲ್ಲವೇ ಯೋಜನೆಯ ಹಿರಿಯ ಅಧಿಕಾರಿ. ಅಂದರೆ ಕೊಳ್ಳುವವರ ಪ್ರತಿನಿಧಿ. ಆತ ಎಷ್ಟೇ ಸಜ್ಜನನಾಗಿರಲಿ, ಕೊಳ್ಳುವವನೇ ದಲ್ಲಾಳಿಯೂ ಆದ ಸಂತೆಯಲ್ಲಿ ಮಾರುವವನಿಗೆ ನಂಬಿಕೆ ಬರುವುದು ಕಷ್ಟ. ಸಭೆಯ ಮೊದಲ ಅರ್ಧ ಗಂಟೆಯಲ್ಲಿ ದರವನ್ನು ಓದುತ್ತಾರೆ, ಕೂಗಾಟವಾಗುತ್ತದೆ, ಚಹಾ ಬರುತ್ತದೆ, ಹಾಜರಿ ಪುಸ್ತಕದಲ್ಲಿ ಹಾಕಿಸಿಕೊಂಡ ಸಹಿಗಳೇ ಮುಂದೆ ಒಪ್ಪಿಗೆಯ ದಾಖಲೆಯಂತೆ ಕಡತ ಸೇರುತ್ತವೆ. ನುರಿತ ಮಧ್ಯಸ್ಥಗಾರ ಅಲ್ಲಿದ್ದರೆ ಮಾಡುವ ಮೊದಲ ಕೆಲಸ ದರವನ್ನು ಪಕ್ಕಕ್ಕಿಟ್ಟು ಜನರನ್ನು ಕೇಳುವುದು. ಒಬ್ಬನಿಗೆ ಬೇಕಾದದ್ದು ಬಾವಿಗೆ ಮತ್ತು ಮಾವಿನ ಮರಗಳಿಗೆ ಸರಿಯಾದ ಲೆಕ್ಕ. ಇನ್ನೊಬ್ಬನಿಗೆ ಪೂರ್ತಿ ಹಣ ಒಂದೇ ಕಂತಿನಲ್ಲಿ ಬೇಕು. ಮತ್ತೊಬ್ಬಳಿಗೆ ಖಾತೆಯಲ್ಲಿ ಮೈದುನನ ಹೆಸರಿರುವುದೇ ತೊಡಕು. ಇವೆಲ್ಲವನ್ನೂ 'ದರ ಸಾಲದು' ಎಂಬ ಒಂದೇ ಘೋಷಣೆಯಾಗಿ ನ್ಯಾಯಾಲಯಕ್ಕೆ ತಳ್ಳುತ್ತಿದ್ದೇವೆ.

ಆಡಳಿತಗಾರರೇ ಮಧ್ಯಸ್ಥರ ವೇಷ ತೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಅನುಭವವೇ ಇದೆ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ಪರಸ್ಪರ ಕೋರ್ಟಿಗೆಳೆಯುವುದನ್ನು ತಡೆಯಲು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಉನ್ನತಾಧಿಕಾರಿಗಳ ವ್ಯಾಜ್ಯ ಸಮಿತಿ ರಚನೆಯಾಯಿತು. ಸಮಿತಿಯ ಅನುಮತಿ ಪಡೆಯುವುದೇ ಇನ್ನೊಂದು ವಿಳಂಬವಾಗಿ ಪರಿಣಮಿಸಿ, 2011ರಲ್ಲಿ ಸುಪ್ರೀಂ ಕೋರ್ಟೇ ಆ ವ್ಯವಸ್ಥೆಯನ್ನು ಹಿಂತೆಗೆದುಕೊಂಡಿತು. ಕಾರ್ಯದರ್ಶಿಗಳ ಸಭೆ ಒಂದು ಸಭೆಯಷ್ಟೆ. ಅದಕ್ಕೆ ಮಧ್ಯಸ್ಥಿಕೆಯ ಕೌಶಲವೂ ಇಲ್ಲ, ವೇಳೆಯೂ ಇಲ್ಲ.

ವೃತ್ತಿಪರ ಮಧ್ಯಸ್ಥಗಾರರು ಸಾರ್ವಜನಿಕ ವಿವಾದವನ್ನು ಹೇಗೆ ಬಿಡಿಸುತ್ತಾರೆ ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ನದಿಯ ಪ್ರಕರಣ ಹಳೆಯದಾದರೂ ಒಳ್ಳೆಯ ಉದಾಹರಣೆ. 1959ರ ಪ್ರವಾಹದ ನಂತರ ಅಲ್ಲಿನ ಸೇನಾ ಎಂಜಿನಿಯರುಗಳ ದಳ ಅಣೆಕಟ್ಟು ಕಟ್ಟಲು ಹೊರಟಿತು. ಪ್ರವಾಹದಿಂದ ನೊಂದ ರೈತರು ಪರವಾಗಿ ನಿಂತರು. ಅಣೆಕಟ್ಟು ಬಂದರೆ ಕಣಿವೆಯ ಹೊಲಗಳೆಲ್ಲ ಬಡಾವಣೆಗಳಾಗುತ್ತವೆ ಎಂದು ಪರಿಸರವಾದಿಗಳು ವಿರೋಧಿಸಿದರು. ಹಲವು ವರ್ಷಗಳ ಹಗ್ಗಜಗ್ಗಾಟದ ನಂತರ ಗವರ್ನರ್ ಡ್ಯಾನ್ ಇವಾನ್ಸ್ ಅವರ ಕಾಲದಲ್ಲಿ ಜೆರಾಲ್ಡ್ ಕಾರ್ಮಿಕ್ ಮತ್ತು ಜೇನ್ ಮೆಕಾರ್ಥಿ ಎಂಬಿಬ್ಬರು ಮಧ್ಯಸ್ಥಗಾರರು ಈ ಕೆಲಸಕ್ಕಿಳಿದರು. ಅಣೆಕಟ್ಟು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬಿಟ್ಟು, ಪ್ರವಾಹವನ್ನೂ ತಡೆದು ಹೊಲಗಳನ್ನೂ ಉಳಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಮೇಜಿನ ಮೇಲಿಟ್ಟರು. 1974ರ ಕೊನೆಯಲ್ಲಿ ಒಪ್ಪಂದವಾಯಿತು: ಬೇರೊಂದು ಉಪನದಿಯಲ್ಲಿ ಅಣೆಕಟ್ಟು, ದಡದ ಒಡ್ಡುಗಳು, ಭೂಬಳಕೆಯ ಮೇಲೆ ಹತೋಟಿ. ಒಪ್ಪಂದದ ಎಲ್ಲ ಅಂಶಗಳೂ ಜಾರಿಗೆ ಬರಲಿಲ್ಲ, ಆ ಅಣೆಕಟ್ಟನ್ನು ಕಟ್ಟಲೇ ಇಲ್ಲ. ಆದರೂ ಆ ದೇಶ ಅದರಿಂದ ಪಾಠ ಕಲಿಯಿತು. 1990ರಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಗಳು ಮಧ್ಯಸ್ಥಿಕೆ ಬಳಸುವುದಕ್ಕೆಂದೇ ಅಲ್ಲಿನ ಸಂಸತ್ತು ಕಾಯ್ದೆ ಮಾಡಿತು. ಪ್ರತಿ ಸಂಸ್ಥೆಯೂ ಇದಕ್ಕಾಗಿ ಒಬ್ಬ ಹಿರಿಯ ಅಧಿಕಾರಿಯನ್ನು ಗೊತ್ತುಪಡಿಸಬೇಕೆಂದು ವಿಧಿಸಿತು.

ಮಧ್ಯಸ್ಥಿಕೆ ಎಲ್ಲ ರೋಗಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಕೆರೆಯಂಗಳದ ಒತ್ತುವರಿಯನ್ನು ರಾಜಿಯಲ್ಲಿ ಸಕ್ರಮಗೊಳಿಸುವಂತಿಲ್ಲ. ಕಾನೂನಿನ ಸಿಂಧುತ್ವ, ಮೂಲಭೂತ ಹಕ್ಕು, ಅಪರಾಧ, ಮೇಜಿನ ಬಳಿ ಇಲ್ಲದ ಮೂರನೆಯವರ ಹಿತ ಇವು ನ್ಯಾಯಾಲಯದ ತೀರ್ಪನ್ನೇ ಬೇಡುವ ಸಂಗತಿಗಳು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಪ್ರಕರಣವನ್ನು ನೋಡಿ. ಅಲ್ಲಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತದ್ದು ದರಕ್ಕಾಗಿ ಅಲ್ಲ, ಜಮೀನನ್ನೇ ಕೊಡುವುದಿಲ್ಲ ಎಂದು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. 'ಬೇಡ' ಎನ್ನುವವನ ಮುಂದೆ ದರದ ಮಧ್ಯಸ್ಥಿಕೆ ನಡೆಸುವುದು ಮೋಸವಾದೀತು. ಆದರೆ ಪ್ರಾಥಮಿಕ ಅಧಿಸೂಚನೆಗೆ ಮುನ್ನವೇ ತಟಸ್ಥ ವ್ಯಕ್ತಿಯೊಬ್ಬರು ಹಳ್ಳಿಗಳಿಗೆ ಹೋಗಿ, ಯಾರು ಕೊಡಲು ಸಿದ್ಧರಿದ್ದಾರೆ, ಯಾರು ಇಲ್ಲ, ಏಕೆ ಎಂಬುದನ್ನು ದಾಖಲಿಸಿದ್ದರೆ ಆ ಮೂರು ವರ್ಷಗಳು ಯಾರಿಗೂ ನಷ್ಟವಾಗುತ್ತಿರಲಿಲ್ಲ.

ಮಧ್ಯಸ್ಥಿಕೆಯ ಹೆಸರಿನಲ್ಲಿ ಸರ್ಕಾರ ಬಡವನ ತುರ್ತನ್ನು ಬಳಸಿಕೊಂಡು ರಿಯಾಯಿತಿ ಗಿಟ್ಟಿಸುವ ಅಪಾಯ ಇನ್ನೊಂದು. ಕೇಂದ್ರ ಸರ್ಕಾರ 2023ರಲ್ಲಿ ತಂದ 'ವಿವಾದ್ ಸೇ ವಿಶ್ವಾಸ್' ಎರಡನೆಯ ಯೋಜನೆಯಲ್ಲಿ, ಗುತ್ತಿಗೆದಾರರು ಕೋರ್ಟಿನಲ್ಲಿ ಗೆದ್ದಿದ್ದರೆ ಆ ಮೊತ್ತದ ಶೇ 85ರವರೆಗೆ, ಆರ್ಬಿಟ್ರೇಷನ್‌ನಲ್ಲಿ ಗೆದ್ದಿದ್ದರೆ ಶೇ 65ರವರೆಗೆ ಪಡೆದು ವಿವಾದ ಮುಗಿಸಬಹುದಿತ್ತು. ಬಾಕಿ ಕಡಿಮೆ ಮಾಡಲು ಅದು ಉಪಯುಕ್ತವೇ ಇರಬಹುದು. ಆದರೆ ಬೇಕಾದರೆ ತೆಗೆದುಕೋ, ಇಲ್ಲವೇ ಬಿಡು ಎನ್ನುವುದು ಮಧ್ಯಸ್ಥಿಕೆಯಲ್ಲ. ವಕೀಲರಿಲ್ಲದ, ಮೌಲ್ಯಮಾಪನ ತಿಳಿಯದ ರೈತನನ್ನು ಸರ್ಕಾರದ ಎದುರು ಒಬ್ಬಂಟಿಯಾಗಿ ಕೂರಿಸುವುದೂ ಮಧ್ಯಸ್ಥಿಕೆಯಲ್ಲ.

ಈ ಎಲ್ಲ ಕಾರಣಗಳಿಂದ ರಾಜ್ಯ ಸರ್ಕಾರ ಕೆಲವು ನಿರ್ದಿಷ್ಟ ಕ್ರಮಗಳನ್ನು ಕೈಗೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಮೊದಲನೆಯದಾಗಿ, 2023ರ ಕಾಯ್ದೆ ನೀಡಿರುವ ಅವಕಾಶ ಬಳಸಿಕೊಂಡು, ಸೇವಾ ವಿಷಯಗಳು, ಸ್ಥಳೀಯ ಸಂಸ್ಥೆಗಳ ವಿವಾದಗಳು, ವಿದ್ಯುತ್ ಮಾರ್ಗಗಳ ಬೆಳೆ ಪರಿಹಾರ ಮೊದಲಾದವು ಮಧ್ಯಸ್ಥಿಕೆಗೆ ಅರ್ಹವೆಂದು ಅಧಿಸೂಚನೆ ಹೊರಡಿಸಬೇಕು. ಭೂಸ್ವಾಧೀನ ಪರಿಹಾರವನ್ನು ಮೊದಲನೆಯ ಅನುಸೂಚಿಯಿಂದ ಕೈಬಿಡುವಂತೆ ಕೇಂದ್ರವನ್ನು ಕೇಳಬೇಕು. ಅನುಸೂಚಿಯನ್ನು ಅಧಿಸೂಚನೆಯಿಂದಲೇ ಬದಲಿಸುವ ಅಧಿಕಾರ ಕೇಂದ್ರಕ್ಕಿದೆ. ಅಲ್ಲಿಯವರೆಗೆ ಒಪ್ಪಿತ ಐತೀರ್ಪಿನ ಸಭೆಗಳನ್ನು ಸ್ವತಂತ್ರ ವ್ಯಕ್ತಿಗಳಿಂದ ನಡೆಸುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ.

ಎರಡನೆಯದಾಗಿ, ಮಧ್ಯಸ್ಥಗಾರರನ್ನು ಎರಡೂ ಕಡೆಯವರು ಸೇರಿ ಆರಿಸಬೇಕು. ಅವರ ಶುಲ್ಕ ಫಲಿತಾಂಶವನ್ನು ಅವಲಂಬಿಸಿರಬಾರದು ಮತ್ತು ಸ್ವಾಧೀನ ಮಾಡಿಕೊಳ್ಳುವ ಇಲಾಖೆಯ ಕೈಯಿಂದ ಬರಬಾರದು. ರೈತರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನೂ ಮೌಲ್ಯಮಾಪಕರನ್ನೂ ಒದಗಿಸಬೇಕು. ಸಹಿ ಹಾಕುವ ಮುನ್ನ ಮನೆಯವರೊಡನೆ ಸಮಾಲೋಚಿಸಲು ಕೆಲವು ದಿನಗಳ ಕಾಲಾವಕಾಶ ಇರಬೇಕು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು. ಮಧ್ಯಸ್ಥಿಕೆಗೆ ಬರುವ ಅಧಿಕಾರಿ ಇಂತಿಷ್ಟರಿಂದ ಇಂತಿಷ್ಟರವರೆಗೆ ಒಪ್ಪಬಹುದೆಂಬ ಲಿಖಿತ ಅಧಿಕಾರ ಹೊಂದಿರಬೇಕು. ಒಪ್ಪಂದದ ಕರಡನ್ನು ಕಾನೂನು, ಆರ್ಥಿಕ ಇಲಾಖೆಗಳ ಪ್ರತಿನಿಧಿಗಳೂ ಹೊರಗಿನ ಪರಿಣತರೂ ಇರುವ ಸಮಿತಿ ಮೂವತ್ತು ದಿನಗಳಲ್ಲಿ ಒಪ್ಪಬೇಕು ಅಥವಾ ತಿರಸ್ಕರಿಸಬೇಕು. ಒಪ್ಪಿದರೆ ಕಾರಣ ಬರೆಯಬೇಕು. ತಿರಸ್ಕರಿಸಿದರೂ ಕಾರಣ ಬರೆಯಬೇಕು. ಮೇಲ್ಮನವಿಯ ಪ್ರತಿ ಪ್ರಸ್ತಾವದೊಡನೆ ಗೆಲುವಿನ ಸಾಧ್ಯತೆ ಎಷ್ಟು, ಸೋತರೆ ಐದು ಮತ್ತು ಹತ್ತು ವರ್ಷಗಳಲ್ಲಿ ಆಗುವ ಬಡ್ಡಿ ಎಷ್ಟು ಎಂಬ ಒಂದು ಪುಟದ ತಖ್ತೆ ಲಗತ್ತಿಸುವುದು ಕಡ್ಡಾಯವಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ರಾಜಿಗಷ್ಟೇ ವಿವರಣೆ ಕೇಳುವ ಲೆಕ್ಕಪರಿಶೋಧನೆ ಆಗ ವಿಳಂಬಕ್ಕೂ ವಿವರಣೆ ಕೇಳಲು ದಾಖಲೆ ಸಿಗುತ್ತದೆ. ಸದುದ್ದೇಶದಿಂದ ಸಹಿ ಹಾಕಿದವನಿಗೆ ಅದೇ ದಾಖಲೆ ರಕ್ಷಣೆಯಾಗುತ್ತದೆ.

ಕೊನೆಯದಾಗಿ, ಮಾತುಕತೆ ಗೋಪ್ಯವಾಗಿರಲಿ, ಆದರೆ ಫಲಿತಾಂಶ ಬಹಿರಂಗವಾಗಲಿ. ಯಾರಿಗೆ, ಎಷ್ಟು, ಯಾವ ಆಧಾರದ ಮೇಲೆ ಕೊಡಲಾಯಿತು ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯ ಆಶಯದಂತೆ ಸರ್ಕಾರ ತಾನಾಗಿಯೇ ಪ್ರಕಟಿಸಬೇಕು. ಪಕ್ಕದ ಸರ್ವೆ ನಂಬರಿನ ರೈತನಿಗೆ ಅದೇ ನ್ಯಾಯ ಸಿಕ್ಕಿತೇ ಎಂದು ನೋಡಲು ಅದೊಂದೇ ದಾರಿ. ಒಳಒಪ್ಪಂದದ ಅನುಮಾನಕ್ಕೆ ಉತ್ತರವೂ ಅದೇ. ಸರ್ಕಾರದ ರಾಜಿಯನ್ನು ಜನ ಅನುಮಾನಿಸುವುದು ಅದು ರಾಜಿ ಎಂಬ ಕಾರಣಕ್ಕಲ್ಲ, ಬಾಗಿಲು ಮುಚ್ಚಿ ಮಾಡಿಕೊಂಡದ್ದು ಎಂಬ ಕಾರಣಕ್ಕೆ.

ಕೃಷ್ಣಾ ಮೇಲ್ದಂಡೆಯ ಸ್ವಾಧೀನ ಪ್ರಕ್ರಿಯೆ ಮುಂದಿನ ಕೆಲವು ವರ್ಷಗಳಲ್ಲಿ ಸಾವಿರಾರು ಸಹಿಗಳನ್ನು ಕೇಳಲಿದೆ. ಈ ಸುಧಾರಣೆಯನ್ನು ಆರಂಭಿಸಲು ಅದಕ್ಕಿಂತ ತಕ್ಕ ಜಾಗವಿಲ್ಲ. ಒಂದೆರಡು ತಾಲ್ಲೂಕುಗಳಲ್ಲಾದರೂ ಸ್ವತಂತ್ರ ಮಧ್ಯಸ್ಥಗಾರರನ್ನು ಕೂರಿಸಿ, ಎಷ್ಟು ಪ್ರಕರಣ ಇತ್ಯರ್ಥವಾಯಿತು, ಎಷ್ಟು ಬಡ್ಡಿ ಉಳಿಯಿತು, ಒಪ್ಪಿದವರು ಎರಡು ವರ್ಷಗಳ ನಂತರವೂ ಸಮಾಧಾನದಿಂದಿದ್ದಾರೆಯೇ ಎಂದು ಲೆಕ್ಕ ಇಡಲಿ. ಪ್ರಯೋಗ ವಿಫಲವಾದರೆ ಆಗುವ ನಷ್ಟ ಕೆಲವು ಮಧ್ಯಸ್ಥಗಾರರ ಶುಲ್ಕ. ಪ್ರಯೋಗವನ್ನೇ ಮಾಡದಿದ್ದರೆ ಆಗುವ ನಷ್ಟ ಈಗಾಗಲೇ ಶೇ 15ರಂತೆ ಬೆಳೆಯುತ್ತಿದೆ.